ತಪ್ಪು ಮರಕ್ಕೆ ಕಟ್ಟಿದ ರಿಬ್ಬನ್ನು

1

ಇದನ್ನು ಮರದಿಂದ ಶುರು ಮಾಡಬೇಕೋ ಎಣ್ಣೆಯಿಂದಲೋ ಎಂದು ತಿಳಿಯದೆ ಮೂರು ವಾರ ಸುಮ್ಮನೆ ಕೂತಿದ್ದೆ. ಮರದಿಂದ ಶುರು ಮಾಡಿದರೆ ಓದುವ ನೀವು ಮೊದಲ ಸಾಲಿಗೇ ಮರದ ಪಕ್ಷ ವಹಿಸಿಬಿಡುತ್ತೀರಿ. ಆಮೇಲೆ ನಾನು ಎಷ್ಟು ಬಾಯಿ ಬಡಿದುಕೊಂಡರೂ ಕಾರ್ಖಾನೆಯವರು ನಿಮ್ಮ ಕಣ್ಣಿಗೆ ಪಾಪಿಗಳೇ. ಎಣ್ಣೆಯಿಂದ ಶುರು ಮಾಡಿದರೆ ಪುಟ ಮಗುಚುತ್ತೀರಿ.

ಎಣ್ಣೆಯ ಡ್ರಾಫ್ಟ್ ಹೀಗಿತ್ತು: 'ಕಾಡು ಕಡಿದ ಮೇಲೆ ಉಳಿಯುವ ಕೊಂಬೆ, ತುದಿ, ತೊಗಟೆ, ಗರಗಸದ ಹೊಟ್ಟು, ಯಾರಿಗೂ ಬೇಡವಾದ ಬುಡದ ತುಂಡು, ಇವನ್ನೆಲ್ಲ ಪುಡಿ ಮಾಡಿ ಗಾಳಿ ತಾಗದ ಹಾಗೆ ಐನೂರು ಡಿಗ್ರಿಗೆ ಕಾಯಿಸಿದರೆ ಮರ ಕಣ್ಣು ಮಿಟುಕಿಸುವುದರೊಳಗೆ ಆವಿಯಾಗುತ್ತದೆ. ಆವಿಯನ್ನು ತಣಿಸಿದರೆ ಹೊಗೆಯ ವಾಸನೆಯ ಕಪ್ಪೆಣ್ಣೆ. ಅದು ಟ್ಯಾಂಕರಿನಲ್ಲಿ ಕರಾವಳಿಗೆ ಹೋಗಿ, ಅಲ್ಲಿ ಶುದ್ಧವಾಗಿ ಡೀಸೆಲ್ ಆಗಿ, ಮತ್ತೆ ಇದೇ ರಸ್ತೆಯಲ್ಲಿ ಲಾರಿಗಳ ಹೊಟ್ಟೆಯಲ್ಲಿ ವಾಪಸು ಬರುತ್ತದೆ.'

(ಎಲ್ಲವೂ ನಿಜ. ಆದರೆ ಒಬ್ಬ ಮನುಷ್ಯನೂ ಇಲ್ಲ. ಆದ್ದರಿಂದ ಅಳಿಸಿದೆ. ಅಳಿಸಿದ್ದನ್ನು ನಿಮಗೆ ಓದಿಸಿಯೂ ಬಿಟ್ಟೆ. ಈ ಬಗೆಯ ಕಥೆ ಬರೆಯುವವರ ಹಳೆಯ ಚಾಳಿ ಇದು, ಕ್ಷಮಿಸಿ.)

ಹಾಗಾದರೆ ಮರವೂ ಬೇಡ, ಎಣ್ಣೆಯೂ ಬೇಡ. ಎರಡರ ನಡುವೆ ಒಂದು ಬೆಲ್ಟ್ ಓಡುತ್ತದೆ. ಅದು ನಿಂತ ಗಳಿಗೆಯಿಂದ ಶುರು ಮಾಡೋಣ.

2

ಏಪ್ರಿಲ್ ತಿಂಗಳ ಒಂದು ಸೋಮವಾರ, ಬೆಳಗಿನ ಕಾಫಿಗೆ ಇನ್ನು ಹತ್ತು ನಿಮಿಷ ಇರುವಾಗ, ಬೆಲ್ಟ್ ನಿಂತಿತು.

ರೌನಿ ಕೈಗವಸು ಹಾಕಿಕೊಂಡು ಹೊರಗೆ ಬಂದಳು. ಐವತ್ತೆಂಟು ವರ್ಷದ ಗಟ್ಟಿ ಹೆಂಗಸು. ಫಿನ್ಲೆಂಡಿನ ಈ ಕೆರೆಗಳ ಸೀಮೆಯಲ್ಲಿ, ಸಾವೊದಲ್ಲಿ, ಕಾರ್ಖಾನೆ ಶುರುವಾದಾಗಿನಿಂದ ಪುಡಿ ಮಾಡುವ ಯಂತ್ರದ ಅಂಗಳ ಅವಳದೇ. ಲಾರಿಗಳು ತಂದು ಸುರಿದ ಕಾಡಿನ ಕಸದಲ್ಲಿ ಕಲ್ಲು ಇದೆಯೇ, ಎಷ್ಟು ಒದ್ದೆ ಇದೆ, ನೋಡುವುದು ಅವಳ ಕೆಲಸ. ಕಬ್ಬಿಣವನ್ನು ಮಾತ್ರ ಬೆಲ್ಟೇ ಪತ್ತೆ ಮಾಡುತ್ತದೆ. ಕೆಂಪು ದೀಪ ಹೊತ್ತಿಸಿಕೊಂಡು ನಿಂತುಬಿಡುತ್ತದೆ. ಸಾಮಾನ್ಯವಾಗಿ ತುಂಡಾದ ಗರಗಸದ ಸರಪಳಿ, ಬೇಲಿಯ ತಂತಿ. ಒಮ್ಮೆ ಕುದುರೆಯ ಲಾಳ ಸಿಕ್ಕಿತ್ತು. ಅದು ಈಗಲೂ ಕಾಫಿ ಕೋಣೆಯ ಗೋಡೆಯಲ್ಲಿದೆ.

ಈ ಸಲ ಬೆಲ್ಟಿನ ಮೇಲಿದ್ದದ್ದು ಪೈನ್ ಮರದ ಬುಡದ ತುಂಡು. ಒಂದು ಮೀಟರ್ ಉದ್ದ, ತಬ್ಬಿದರೆ ಕೈ ತುಂಬುವಷ್ಟು ದಪ್ಪ. ಒಂದು ಮಗ್ಗುಲು ಹಳೆಯ ಗಾಯದ ಹಾಗೆ ಊದಿಕೊಂಡು ಅಂಟು ಸುರಿಸಿತ್ತು. ಕಬ್ಬಿಣ ಎಲ್ಲೂ ಕಾಣಲಿಲ್ಲ. ಕೊಕ್ಕೆ ಹಾಕಿ ಕೆಳಗೆಳೆದು, ಊದಿದ ಕಡೆ ಕೊಡಲಿಯಿಂದ ಎರಡೇಟು ಹಾಕಿದಳು. ತುಂಡು ಪುಸ್ತಕದಂತೆ ಬಿಚ್ಚಿಕೊಂಡಿತು.

(ಪುಸ್ತಕದಂತೆ! ಬರೆಯುವವನಿಗೆ ಎಲ್ಲವೂ ಪುಸ್ತಕ. ಇರಲಿ, ಇದೊಂದು ಉಳಿಯಲಿ.)

ಒಳಗೆ ಅಂಗೈಯಗಲದ ತಗಡು, ನಾಲ್ಕು ಮೊಳೆ. ತಗಡಿನ ಕೆಳಗೆ ಮರದಲ್ಲೇ ಕೆತ್ತಿದ ಒಂದು ಶಿಲುಬೆ, ಎರಡು ಅಕ್ಷರ, ಎರಡು ಇಸವಿ. ಔ. ಕ. 1933. 1961. ಕೆತ್ತನೆಯ ಮೇಲೆ ವರ್ಷ ವರ್ಷವೂ ಹೊಸ ಮರ ಬೆಳೆದು ಮುಚ್ಚಿತ್ತು. ಆದ್ದರಿಂದ ಒಂದು ಹೋಳಿನಲ್ಲಿ ಅಕ್ಷರಗಳು ತಗ್ಗಾಗಿದ್ದವು, ಇನ್ನೊಂದರಲ್ಲಿ ಉಬ್ಬಿಕೊಂಡು ತಿರುಗುಮುರುಗಾಗಿದ್ದವು.

ರೌನಿ ಬೆಲ್ಟನ್ನು ಮತ್ತೆ ಓಡಿಸಿದಳು. ಎರಡೂ ಹೋಳುಗಳನ್ನು ಗೋಣಿಯಲ್ಲಿ ಸುತ್ತಿ ಒಳಗೆ ತಂದಳು. ಆಮೇಲೆ ತಮ್ಮನಿಗೆ ಫೋನ್ ಮಾಡಿದಳು.

2, ಮತ್ತೊಮ್ಮೆ

ನೀವು ಕಂಗೆಡುವ ಮೊದಲು ಹೇಳಿಬಿಡುತ್ತೇನೆ. ಇಲ್ಲಿ ಹಿಂದೆ, ಹೆಣವನ್ನು ಚರ್ಚಿಗೆ ಒಯ್ಯುವಾಗ ದಾರಿಯಲ್ಲಿ ಒಂದು ಕಡೆ ನಿಲ್ಲುತ್ತಿದ್ದರು. ಒಂದು ಪೈನ್ ಮರದ ಕೆಳಗಿನ ಕೊಂಬೆಗಳನ್ನು ಸವರಿ, ಕಾಂಡದಲ್ಲಿ ಸತ್ತವನ ಹೆಸರು, ಹುಟ್ಟಿದ ಮತ್ತು ಸತ್ತ ವರ್ಷ ಕೆತ್ತಿ, ಎಲ್ಲರೂ ಒಂದೊಂದು ಗುಟುಕು ಕುಡಿದು ಮುಂದೆ ಹೋಗುತ್ತಿದ್ದರು. ಯಾಕೆಂದರೆ ಸತ್ತವನು ಎದ್ದು ಮನೆಗೆ ಹೊರಟರೆ ಆ ಮರದ ಹತ್ತಿರ ಬಂದು ತನ್ನ ಹೆಸರು ಓದುತ್ತಾನೆ, ತಾನು ಸತ್ತಿದ್ದೇನೆಂದು ತಿಳಿದು ಹಿಂದಿರುಗುತ್ತಾನೆ. ಮನೆಯವರು ನೆಮ್ಮದಿಯಿಂದ ನಿದ್ದೆ ಮಾಡುತ್ತಾರೆ. (ಈ ಮರಕ್ಕೆ ಇಲ್ಲಿನ ಭಾಷೆಯಲ್ಲಿ ಒಂದು ಹೆಸರಿದೆ. ಹೇಳಿದರೆ ನೀವು ಹೆಸರನ್ನು ನೆನಪಿಟ್ಟುಕೊಂಡು ಮರವನ್ನು ಮರೆಯುತ್ತೀರಿ. ಹೇಳುವುದಿಲ್ಲ.)

ರೌನಿ ಇದನ್ನು ನಂಬುವವಳಲ್ಲ. ಆದರೆ ಶಾಲೆಗೆ ಹೋಗುವಾಗ, ಅಂಥದೊಂದು ಮರವಿದ್ದ ರಸ್ತೆಯ ತಿರುವಿನಲ್ಲಿ, ಅವಳೂ ಓಡುತ್ತಿದ್ದಳು.

ತಿರುವಿನ ಮರ ಯಾರದೆಂದು ಊರಿಗೆಲ್ಲ ಗೊತ್ತು. ಔಲಿಸ್ ಎಂಬವನದು. ಊರಿನವರು ದೊಡ್ಡಮ್ಮ ಎಂದು ಕರೆಯುವ ಲೆಂಪಿಯ ಗಂಡ. ಮದುವೆಯಾಗಿ ಎರಡೇ ವರ್ಷಕ್ಕೆ, ಮೇ ತಿಂಗಳ ನೆರೆಯಲ್ಲಿ ದಿಮ್ಮಿ ತೇಲಿಸುವಾಗ ಕಾಲು ಜಾರಿ ದಿಮ್ಮಿಗಳ ಅಡಿಗೆ ಹೋದ. ಆಗ ಲೆಂಪಿಗೆ ಇಪ್ಪತ್ತನಾಲ್ಕು. ಈಗ ಎಂಬತ್ತೇಳು. ನಲವತ್ತು ಹೆಕ್ಟೇರು ಕಾಡಿನ ಒಡತಿ. ಮರ ಕೊಳ್ಳುವವರು ಅವಳ ಮುಂದೆ ಚೌಕಾಸಿ ಮಾಡಲು ಹೋಗಿ ಬೆವರು ಒರೆಸಿಕೊಂಡು ಬಂದ ಕಥೆಗಳು ಊರಲ್ಲಿ ಸಾಕಷ್ಟಿವೆ.

ಜನವರಿಯಲ್ಲಿ ಅವಳ ಕಾಡಿನ ಆ ಭಾಗವನ್ನು ಕಡಿದ ಯಂತ್ರ ಓಡಿಸಿದವನು ರೌನಿಯ ತಮ್ಮ ಕಲೆರ್ವೊ.

3

ಇಲ್ಲಿ ಕಲೆರ್ವೊ 'ಅಯ್ಯೋ, ನಾನೆಂಥ ಕೆಲಸ ಮಾಡಿಬಿಟ್ಟೆ' ಎಂದು ತಲೆ ಹಿಡಿದುಕೊಂಡು ಕೂರಬೇಕಿತ್ತು. ಹಾಗೆಯೇ ಬರೆದಿದ್ದೆ. ಅವನು ಒಪ್ಪಲಿಲ್ಲ. ಸಾವೊದವರು ಮಾತಿಗೆ ಬರಗೆಟ್ಟವರಲ್ಲ. ಹೇಳಬೇಕಾದ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳುತ್ತಾರೆ. ಆ ಒಂದನ್ನು ಕೇಳಿಸಿಕೊಳ್ಳಲು ನಾನು ಇಷ್ಟು ವರ್ಷ ಇಲ್ಲಿ ಕಿವಿ ಬಿಟ್ಟುಕೊಂಡು ಕೂತಿದ್ದೇನೆ.

"ಏನಕ್ಕ, ಅರ್ಜೆಂಟು ಅಂದೆ. ಯಾರು ಸತ್ರು?"

"ಔಲಿಸ್."

"ಯಾವ ಔಲಿಸ್?"

ರೌನಿ ಗೋಣಿ ಸರಿಸಿದಳು. ಕಲೆರ್ವೊ ನೋಡಿದ. ಕಪ್ಪಿಗೆ ಸಕ್ಕರೆ ಹಾಕಿದ. ಇನ್ನೊಂದು ಹಾಕಿದ. ಕಲಕಿದ.

"ಇವತ್ತು ಕಾಫಿ ಸ್ವಲ್ಪ ತೆಳ್ಳಗಾಗಿದೆ," ಅಂದ.

"ಕಲೆರ್ವೊ."

"ಕೆರೆ ಮೇಲೆ ಐಸೂ ತೆಳ್ಳಗಾಗಿದೆ. ನಿನ್ನೆ ಮೀನು ಹಿಡಿಯೋಕೆ ಹೋಗಿದ್ನಲ್ಲ, ಕಾಲ ಕೆಳಗೆ ಕರಕರ ಅಂತಿತ್ತು."

"ಇದು ಲೆಂಪಿ ದೊಡ್ಡಮ್ಮನ ರಾಶಿಯಿಂದ ಬಂದಿದ್ದು ಕಣೋ."

"ಗೊತ್ತಾಗುತ್ತೆ ಬಿಡು. ನಾನೇನು ಕುರುಡನಾ?" ಅಂದವನು, ಆ ಮಾತು ತಾನೇ ಕೇಳಿಸಿಕೊಂಡು, ಕಪ್ಪನ್ನು ಆಚೆ ಸರಿಸಿದ. "ರಿಬ್ಬನ್ ಕಟ್ಟಿದ್ದು ಅವಳೇ ಅಕ್ಕ. ಅಕ್ಟೋಬರಲ್ಲಿ ನಾನೂ ಜೊತೇಲಿ ನಡೆದೆ. ಉಳಿಸೋ ಮರಕ್ಕೆಲ್ಲ ಕೆಂಪು ರಿಬ್ಬನ್ ಕಟ್ತಾ ಬಂದ್ವಿ. ತಿರುವಿಗೆ ಬಂದಾಗ, ಇದನ್ನ ಮಾತ್ರ ನಾನೇ ಕಟ್ತೀನಿ ಅಂತ ರಿಬ್ಬನ್ ಕಿತ್ಕೊಂಡ್ಲು. ಪಕ್ಕದ ಮರಕ್ಕೆ ಕಟ್ಟಿದ್ಲು. ಕೆತ್ತನೆ ಎಲ್ಲಿ ದೊಡ್ಡಮ್ಮ ಅಂದೆ. ತೊಗಟೆ ಮುಚ್ಕೊಂಡಿದೆ ಕಣೋ ದಡ್ಡ, ಅರವತ್ತು ವರ್ಷ ಆಯ್ತು ಅಂದ್ಲು."

"ನೀನು ಸುಮ್ನಿದ್ದೆ."

"ನಂಗೆ ಸಸಿ ನೆಡೋಕೆ ಕಲಿಸಿದವಳು ಅವಳು. ಬೇರು ಮಡಚಿ ನೆಟ್ಟಿದ್ದಕ್ಕೆ ಗುದ್ದಲಿ ಹಿಡಿಯಿಂದ ಕುಂಡೆಗೆ ಹೊಡ್ದಿದ್ಲು. ಅವಳಿಗೆ ನಿಂಗೆ ಕಣ್ಣು ಕಾಣಲ್ಲ ಅನ್ಲಾ?"

ಅದೇ ವಿಷಯ. ಲೆಂಪಿಗೆ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷ. ಮನುಷ್ಯರನ್ನು ಧ್ವನಿಯಿಂದ, ಮರಗಳನ್ನು ಕೈಯಿಂದ ಗುರುತಿಸುತ್ತಾಳೆಂದು ಊರು ಮೆಚ್ಚಿಕೊಳ್ಳುತ್ತದೆ. ಕೈಯೂ ಒಮ್ಮೊಮ್ಮೆ ತಪ್ಪುತ್ತದೆಂದು ಯಾರೂ ಹೇಳುವುದಿಲ್ಲ.

"ಕಡಿಯೋವಾಗಲೂ ಗೊತ್ತಾಗ್ಲಿಲ್ವಾ?"

"ಊದ್ಕೊಂಡಿತ್ತು, ಅಂಟು ಸುರೀತಿತ್ತು. ಅಂಥ ಬುಡ ಮಿಲ್ಲಿನವರು ಮುಟ್ಟಲ್ಲ. ಒಂದು ಮೀಟರ್ ಕತ್ತರಿಸಿ ಕಸದ ರಾಶಿಗೆ ತಳ್ಳಿದೆ. ಎಲ್ರೂ ಹಂಗೇ ಮಾಡೋದು."

ಅದೂ ನಿಜ. ಹೆಸರು ಕೆತ್ತಿದ್ದರಿಂದಲೇ ಆ ಮರಕ್ಕೆ ಗಾಯವಾಗಿತ್ತು. ಗಾಯವಾಗಿದ್ದರಿಂದಲೇ ಅದು ಹಲಗೆಯಾಗಲು ಬಾರದೆ ಎಣ್ಣೆಯ ದಾರಿ ಹಿಡಿದಿತ್ತು.

"ಗುರುವಾರ ಅವಳ ಕಣ್ಣಿನ ಆಪರೇಷನ್ನು," ಅಂದಳು ರೌನಿ. "ಕರ್ಕೊಂಡು ಹೋಗೋಳು ನಾನೇ. ಕಣ್ಣು ಬಂದ ಮೇಲೆ ಮೊದಲು ಎಲ್ಲಿಗೆ ಹೋಗ್ತಾಳೆ ಹೇಳು?"

"ಚೌರದ ಅಂಗಡಿಗೆ. ಕನ್ನಡೀಲಿ ಮುಖ ನೋಡ್ಕೊಂಡ್ಲು ಅಂದ್ರೆ..."

"ಕಲೆರ್ವೊ."

"ತಿರುವಿಗೆ," ಅಂದ ಅವನು. ಅಲ್ಲಿ ಒಂದು ಬೋಳು ಬುಡವನ್ನೂ, ಅದರ ಪಕ್ಕದಲ್ಲಿ ರಿಬ್ಬನ್ ಕಟ್ಟಿಕೊಂಡು ನಿಂತ, ಯಾರ ಹೆಸರೂ ಇಲ್ಲದ ಮರವನ್ನೂ ಅವಳು ನೋಡುತ್ತಾಳೆ. ಗಂಡನ ಹೆಸರನ್ನು ತನ್ನ ಕೈಯಾರೆ ಗರಗಸಕ್ಕೆ ಕೊಟ್ಟೆನೆಂದು ಅವಳಿಗೆ ತಿಳಿಯುತ್ತದೆ. ಅದು ತಿಳಿಯಲೆಂದೇ ಅವಳಿಗೆ ಕಣ್ಣು ಬರುತ್ತದೆ.

"ಮೊಳೆ ಕಿತ್ತು ಬೆಲ್ಟಿಗೆ ಹಾಕ್ಬಿಡು ಅಕ್ಕ," ಅಂದ ಕಲೆರ್ವೊ, ಮೇಜು ನೋಡುತ್ತ. "ಸಂಜೆಯೊಳಗೆ ಎಣ್ಣೆ."

4

ನಾನು ಈಗ ನಿಮಗೆ ಕೆಲವು ಕೊನೆಗಳನ್ನು ಕೊಡಬಲ್ಲೆ.

ಒಂದರಲ್ಲಿ ರೌನಿ ತಮ್ಮನ ಮಾತು ಕೇಳುತ್ತಾಳೆ. ಇದನ್ನು ಬರೆಯತೊಡಗಿದೆ. ಬೆಲ್ಟಿನ ಹತ್ತಿರದವರೆಗೆ ಬಂದವಳು ಹೋಳುಗಳನ್ನು ಎದೆಗವಚಿಕೊಂಡು ನಿಂತುಬಿಟ್ಟಳು.

"ನನ್ನ ಕೈಲಾಗಲ್ಲ," ಅಂದಳು ನನಗೆ. "ಬೇಕಾದ್ರೆ ನೀನೇ ಹಾಕು. ಬರೆಯೋನು ನೀನೇ ತಾನೆ?"

ನನ್ನ ಕೈಲೂ ಆಗಲಿಲ್ಲ.

ಮತ್ತೊಂದರಲ್ಲಿ ಕಾರ್ಖಾನೆಯ ಪ್ರಚಾರ ವಿಭಾಗದ ಹುಡುಗಿಯೊಬ್ಬಳು ಬಂದು ಹೋಳುಗಳ ಫೋಟೋ ತೆಗೆದು, ಸ್ವಾಗತ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಿಸುತ್ತಾಳೆ. ಕೆಳಗೆ 'ಕಾಡಿನೊಂದಿಗೆ ನಮ್ಮ ನಂಟು' ಎಂಬ ಬರಹ. ಈ ಕೊನೆ ನಿಜಕ್ಕೆ ಬಹಳ ಹತ್ತಿರವಿದೆ ಎಂಬ ಹೆದರಿಕೆಯಿಂದ ಅಳಿಸಿದೆ.

ಇನ್ನೊಂದು ನನ್ನದಲ್ಲ, ಕಲೆರ್ವೊನದು. ಮಂಗಳವಾರ ಸಂಜೆ ಅವನು ಉಳಿ ಮಸೆದುಕೊಂಡು ಅಕ್ಕನ ಮನೆಗೆ ಬಂದ. ರಿಬ್ಬನ್ ಕಟ್ಟಿದ ಮರದಲ್ಲೇ ಹೊಸದಾಗಿ ಕೆತ್ತಿಬಿಡೋಣ, ಪಾಚಿ ತಂದು ಮೆತ್ತೋಣ ಅಂದ.

"ಅವಳಿಗೆ ಕಣ್ಣು ಬರ್ತಿದೆ ಕಣೋ, ಹೋಗ್ತಿಲ್ಲ," ಅಂದಳು ರೌನಿ. ಕಲೆರ್ವೊ ಉಳಿಯನ್ನು ಜೇಬಿಗಿಟ್ಟುಕೊಂಡು ಉಗಿಸ್ನಾನದ ಸೌನಾದಲ್ಲಿ ಅಕ್ಕನ ಭಾವಚಿತ್ರದ ಹಾಗೆ ಕದಲದೆ ಒಂದು ಗಂಟೆ ಕೂತಿದ್ದು ಹೋದ.

(ಅಕ್ಕನ ಭಾವಚಿತ್ರ ಸೌನಾದಲ್ಲಿ ಯಾಕಿರುತ್ತದೆ? ಕೆಟ್ಟ ಹೋಲಿಕೆ. ಅವನು ಸುಮ್ಮನೆ ಕೂತಿದ್ದ, ಅಷ್ಟೆ. ಬಿಸಿ ಕಲ್ಲಿನ ಮೇಲೆ ಒಂದು ಸೌಟು ನೀರನ್ನೂ ಹಾಕಲಿಲ್ಲ.)

ಬುಧವಾರ ಆ ಲಾರಿಯ ತೇವದ ವರದಿ ಬಂತು. ನೂರಕ್ಕೆ ನಲವತ್ತೇಳು ಪಾಲು ನೀರು. ನೀರಿನಲ್ಲಿ ಸತ್ತವನ ಮರದಲ್ಲಿ ಅರ್ಧ ನೀರೇ ಎಂದು ಒಂದು ಪ್ಯಾರಾ ಬರೆದೆ. ರೌನಿ ಅದನ್ನು ಓದಿ, ಎಲ್ಲ ಮರದಲ್ಲೂ ಅಷ್ಟೇ ಇರುತ್ತೆ, ಹಿಮ ಕರಗೋ ಕಾಲ ಇದು, ಅಂದಳು. ತೆಗೆದೆ.

5

ಗುರುವಾರ ಬೆಳಿಗ್ಗೆ ಎಂಟಕ್ಕೆ ರೌನಿಯ ಕಾರು ಲೆಂಪಿಯ ಅಂಗಳಕ್ಕೆ ಬಂತು. ಹಿಂದಿನ ಡಿಕ್ಕಿಯಲ್ಲಿ ಗೋಣಿ. ಆಪರೇಷನ್ನಿಗೆ ಮೊದಲೇ ಹೇಳಿಬಿಡಬೇಕು ಎಂದು ನಿಶ್ಚಯಿಸಿದ್ದಳು. ಕಣ್ಣು ಬಂದ ಮೇಲೆ ತಾನಾಗಿ ಕಾಣುವುದಕ್ಕಿಂತ, ಕಾಣದಿರುವಾಗ ಒಬ್ಬರ ಬಾಯಿಂದ ಕೇಳುವುದು ಮೇಲು ಎಂದು ಅವಳ ಲೆಕ್ಕ. ಲೆಕ್ಕ ಸರಿಯೇ ಎಂದು ನನ್ನನ್ನು ಕೇಳಿದಳು. ನಾನು ಮುಂದಿನ ಸಾಲಿಗೆ ಹೋದೆ.

ಲೆಂಪಿ ಆಗಲೇ ಮೆಟ್ಟಿಲ ಮೇಲಿದ್ದಳು. ತುಟಿಗೆ ಬಣ್ಣ, ಕಾಲಿಗೆ ರಬ್ಬರ್ ಬೂಟು.

"ತಡ ಮಾಡ್ದೆ. ಡಾಕ್ಟ್ರು ಬೇರೆ ಯಾರದಾದ್ರೂ ಕಣ್ಣು ಕಿತ್ಬಿಟ್ರೆ?"

"ಒಂಬತ್ತೂವರೆಗೆ ದೊಡ್ಡಮ್ಮ ಇರೋದು."

"ತುಟಿ ಸರಿಯಾಗಿದ್ಯಾ ನೋಡು. ಕಾಣದೆ ಬಳ್ಕೊಂಡೆ."

"ಮೂಗಿಗೆ ತಾಗಿಲ್ಲ."

"ಸಾಕು ಬಿಡು."

ಅವಳನ್ನು ಕಾರಿನಲ್ಲಿ ಕೂರಿಸಿ, ರೌನಿ ಹಿಂದಿರುಗಿ ಬಾಗಿಲು ಎಳೆದುಕೊಂಡು, ಮೂಲೆಯ ಪೊರಕೆಯನ್ನು ಬಾಗಿಲಿಗೆ ಅಡ್ಡ ಒರಗಿಸಿ ಬಂದಳು. ಇಲ್ಲಿ ಹಳಬರ ಮನೆಗಳಿಗೆ ಬೀಗವಿಲ್ಲ. ಪೊರಕೆ ಒರಗಿದ್ದರೆ ಮನೆಯಲ್ಲಿ ಯಾರೂ ಇಲ್ಲವೆಂದು ಬಂದವರು ಅಂಗಳದಿಂದಲೇ ಹಿಂದಿರುಗುತ್ತಾರೆ. ರೌನಿಯ ಕೈ ಯೋಚಿಸದೆ ಮಾಡಿದ ಕೆಲಸ ಅದು.

ಕಾರಿಗೆ ಬಂದು ಕೂತಳು. ಕೀಲಿ ತಿರುಗಿಸಲಿಲ್ಲ.

"ಪೆಟ್ರೋಲ್ ಇಲ್ವಾ?" ಅಂದಳು ಲೆಂಪಿ.

"ದೊಡ್ಡಮ್ಮ. ತಿರುವಿನ ಮರ." ರೌನಿ ಸ್ಟೀರಿಂಗ್ ಹಿಡಿದುಕೊಂಡಳು. "ರಿಬ್ಬನ್ನು ಪಕ್ಕದ ಮರಕ್ಕೆ ಬಿದ್ದಿತ್ತು. ಕಲೆರ್ವೊಗೆ ಗೊತ್ತಾಗ್ಲಿಲ್ಲ. ಔಲಿಸ್ ದೊಡ್ಡಪ್ಪಂದು... ನಮ್ಮ ಬೆಲ್ಟಿಗೆ ಬಂತು. ನಾನು ಇಟ್ಕೊಂಡಿದ್ದೀನಿ. ಹಿಂದೆ ಇದೆ."

 

(ಮೇಲಿನ ಖಾಲಿ ಜಾಗ ಅಚ್ಚಿನ ತಪ್ಪಲ್ಲ. ಲೆಂಪಿ ಅಷ್ಟು ಹೊತ್ತು ಮಾತಾಡಲಿಲ್ಲ. ಅವಳು ಏನು ಯೋಚಿಸಿದಳೆಂದು ಬರೆಯಲು ನನಗೆ ಹಕ್ಕಿದೆ, ಮೂರು ಸಾಲು ಬರೆದೂ ಇದ್ದೆ. ಅವು ಅವಳ ಮೌನದಷ್ಟು ಚೆನ್ನಾಗಿರಲಿಲ್ಲ.)

"ತೋರ್ಸು," ಅಂದಳು.

ರೌನಿ ಡಿಕ್ಕಿ ತೆರೆದು ಗೋಣಿ ಬಿಚ್ಚಿದಳು. ಲೆಂಪಿ ಇಳಿದು ಬಂದು, ಕೈಗವಸು ತೆಗೆದು ಮೊದಲು ತಗ್ಗು ಅಕ್ಷರಗಳ ಮೇಲೆ, ಆಮೇಲೆ ಉಬ್ಬಿದವುಗಳ ಮೇಲೆ ಹೆಬ್ಬೆರಳು ಆಡಿಸಿದಳು. ತಗಡನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು.

"ತಗಡು ಬೇರೆ ಹೊಡ್ಸಿದ್ಲು ಮುದುಕಿ. ಕೆತ್ತನೆ ಅಳಿಸಿ ಹೋದ್ರೆ ಇದಾದ್ರೂ ಇರ್ಲಿ ಅಂತ."

"ಯಾರು?"

"ಅತ್ತೆ. ಅವನ ತಾಯಿ. ಎದ್ದು ಬಂದ್ರೆ ಅಂತ ಅವಳಿಗೆ ಭಯ. ತಿರುವಲ್ಲಿ ಗಾಡಿ ನಿಲ್ಸಿ, ಕೆತ್ರೋ, ಆಳವಾಗಿ ಕೆತ್ರೋ ಅಂತ ನಿಂತು ಮಾಡ್ಸಿದ್ಲು. ನನ್ನನ್ನ ಯಾರೂ ಕೇಳ್ಲಿಲ್ಲ. ಗ್ಲಾಸು ಕೊಟ್ರು, ಕುಡಿದೆ."

"ದೊಡ್ಡಮ್ಮ, ರಿಬ್ಬನ್ ವಿಷಯ ಮನಸ್ಸಿಗೆ ಹಚ್ಕೋಬೇಡ. ಕಣ್ಣು ಕಾಣ್ದೆ..."

"ಏ ರೌನಿ." ಲೆಂಪಿ ಅವಳ ಮುಖ ಇರಬಹುದಾದ ಕಡೆ ತಿರುಗಿದಳು. "ಅರವತ್ಮೂರು ವರ್ಷ ಆ ಮರದ ಪಕ್ಕ ನಡೆದಿದ್ದೀನಿ. ಯಾವ ಮರ ಅಂತ ನಂಗೆ ಗೊತ್ತಿಲ್ವಾ?"

ಚಾವಣಿಯಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು.

"ಮತ್ತೆ ಕಡೀರಿ ಅಂತ ನೇರವಾಗಿ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಮ್ಯೂಸಿಯಂನವರು ಬರೋರು, ಪಾದ್ರಿ ಬರೋನು, ನಿನ್ನ ತಮ್ಮನ ಕೈ ನಡುಗೋದು. ಕುರುಡು ಮುದುಕಿ ತಪ್ಪು ಮಾಡಿದ್ಲು ಅಂದ್ರೆ ಊರು ಬಾಯಿ ಮುಚ್ಕೊಂಡು ಇರುತ್ತೆ. ಇತ್ತಲ್ಲ, ಮೂರು ತಿಂಗಳು? ನೀನೊಬ್ಳು ಬಂದೆ ಬಾಯಿ ಬಿಡೋಳು." ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ ಅಂದಳು: "ಅತ್ತೆ ಹೋದ್ಲು. ಅವನ ತಮ್ಮಂದಿರು ಹೋದ್ರು. ಈ ಮನೇಲಿ ಅವನಿಗೆ ಹೆದರೋರು ಯಾರಿದ್ದಾರೆ ಈಗ? ದಾರೀಲಿ ಒಂದು ಮರ ಅಡ್ಡ ಇತ್ತು, ಅಷ್ಟೇ."

ರೌನಿ ಗೋಣಿಯನ್ನು ಮತ್ತೆ ಸುತ್ತಿದಳು. "ಇದನ್ನ ಮನೆ ಒಳಗೆ ಇಡ್ಲಾ ದೊಡ್ಡಮ್ಮ? ನೆನಪಿಗೆ?"

"ಹುಚ್ಚಿ! ಒಳಗಿಟ್ರೆ ಬಂದೋನು ಓದ್ಕೊಂಡು ವಾಪಸ್ ಹೋಗ್ತಾನೆ. ಬೆಲ್ಟಿಗೆ ಹಾಕು. ತಗಡು ಗುಜರಿಗೆ."

ಕಾರಿನಲ್ಲಿ ಕೂತರು. ರೌನಿ ಇಂಜಿನ್ ಶುರು ಮಾಡಿದಳು. ಲೆಂಪಿ ಕಿಟಕಿಯ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. ಅವಳಿಗೆ ಬಾಗಿಲು ಒಂದು ಬಿಳಿಯ ಮಸುಕು. ಆ ಮಸುಕಿನ ಅಡ್ಡಕ್ಕೆ ಇವತ್ತು ಒಂದು ಕಪ್ಪು ಗೆರೆ.

"ಪೊರಕೆ ಇಟ್ಯಾ?"

"ಹೂಂ. ಮನೇಲಿ ಯಾರೂ ಇಲ್ವಲ್ಲ."

"ಇಳಿ," ಅಂದಳು ಲೆಂಪಿ. "ತೆಗಿ ಅದನ್ನ."

6

ಹೋಳುಗಳು ಏನಾದವೆಂದು ಕೇಳುತ್ತೀರಿ. ಶುಕ್ರವಾರ ಬೆಳಿಗ್ಗೆ, ತಗಡು ಮೊಳೆ ಕಿತ್ತ ಮೇಲೆ, ಎರಡೂ ಬೆಲ್ಟಿನ ಮೇಲೆ ಹೋದವು. ಕಲೆರ್ವೊ ರಜೆ ಹಾಕಿ ಬಂದಿದ್ದ. ಟೋಪಿ ತೆಗೆದು ನಿಂತಿದ್ದ. ಯಾಕೆ ತೆಗೆದೆ ಎಂದು ಕೇಳಿದ್ದಕ್ಕೆ, ತಲೆ ಕೆರೀತಿತ್ತು ಅಂದ. ಬೆಲ್ಟ್ ನಿಲ್ಲಲಿಲ್ಲ.

ಕಣ್ಣಿನ ಆಪರೇಷನ್ನೂ ಚೆನ್ನಾಗಾಯಿತು. ಇನ್ನೊಂದು ಕಣ್ಣು ಶರತ್ಕಾಲಕ್ಕೆ.

ನಿಮ್ಮ ನಿಜವಾದ ಪ್ರಶ್ನೆ ಇದಲ್ಲ ಎಂದು ನನಗೆ ಗೊತ್ತು. ಗುರುವಾರ ಅವರು ಆಸ್ಪತ್ರೆಗೆ ಹೋಗಿ ಬರುವವರೆಗಿನ ಆರು ಗಂಟೆಗಳಲ್ಲಿ ಆ ಮನೆಗೆ ಯಾರಾದರೂ ಬಂದರೇ? ಅದಕ್ಕೂ ಡ್ರಾಫ್ಟುಗಳಿವೆ. ಒಂದರಲ್ಲಿ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ ಇಟ್ಟಿದ್ದೆ. ಬೆಳಕಿಗೆ ಹಿಡಿದು ನೋಡಿದರೆ ಬರೀ ಕರಗಿದ ಹಿಮ. ಇನ್ನೊಂದರಲ್ಲಿ ಏನೂ ಆಗಿರಲಿಲ್ಲ, ಮತ್ತು ಅದನ್ನು ಓದಿದ ಲೆಂಪಿ ನನ್ನ ಜೊತೆ ಮಾತು ಬಿಟ್ಟಳು. ಎರಡೂ ಸುಟ್ಟೆ. (ಎಣ್ಣೆಗೆ ಕಳಿಸಿದೆ ಎನ್ನಬಹುದಿತ್ತು. ಕಾಗದವೂ ಮರವೇ.)

ಆದ್ದರಿಂದ ನಾನು ಗುರುವಾರದಲ್ಲೇ, ಅಂಗಳದಲ್ಲೇ ನಿಲ್ಲುತ್ತೇನೆ. ರೌನಿ ಕಾರಿನಿಂದ ಇಳಿದು ಬಾಗಿಲಿನಿಂದ ಪೊರಕೆ ತೆಗೆದಳು. ಮೂಲೆಗಿಟ್ಟರೆ ಗಾಳಿಗೆ ಬಿದ್ದು ಮತ್ತೆ ಬಾಗಿಲಿಗೆ ಒರಗೀತೆಂದು ಅನುಮಾನ. ಒಳಗಿಡೋಣವೆಂದು ಚಿಲಕಕ್ಕೆ ಕೈ ಹಾಕಿದವಳು ಹಾಕಿದ ಹಾಗೇ ಹಿಂದಕ್ಕೆ ತೆಗೆದಳು. ಕೊನೆಗೆ ಪೊರಕೆಯನ್ನೇ ತಂದು ಕಾರಿನ ಹಿಂದಿನ ಸೀಟಿನ ಮೇಲೆ ಮಲಗಿಸಿದಳು. ಲೆಂಪಿ ಸೀಟ್ ಬೆಲ್ಟ್ ಹಾಕಿಕೊಂಡಳು. ಮೂವರೂ, ಎಂದರೆ ಇಬ್ಬರು ಹೆಂಗಸರೂ ಒಂದು ಪೊರಕೆಯೂ, ಬೋಳು ತಿರುವನ್ನು ದಾಟಿ ಆಸ್ಪತ್ರೆಗೆ ಹೋದರು.

ಕಾರಿನ ಸದ್ದು ಕೇಳಿಸದಾಯಿತು. ನಾನೊಬ್ಬನೇ ಉಳಿದೆ. ಬಾಗಿಲಿಗೆ ಬೀಗವಿಲ್ಲ. ಮುಂದಿನ ಸಾಲು ಬರೆದರೆ ಸಾಕು, ಒಳಗಿರುತ್ತೇನೆ.

ಆದರೆ ಪೊರಕೆ ಇಲ್ಲ. ಈ ಊರಿನ ಪ್ರಕಾರ ಒಳಗೆ ಯಾರೋ ಇದ್ದಾರೆ. ಕೇಳದೆ ನುಗ್ಗುವಂತಿಲ್ಲ, ತಟ್ಟಬೇಕು.

ಕೈ ಎತ್ತಿದ್ದೇನೆ.